ಗೇಜಿಗೆ ಸಿಗಲಿಲ್ಲ

ಒಂದೇ ಒಂದು ಗೆರೆಯ ಸಲುವಾಗಿ ನಮ್ಮಪ್ಪ ಗಾಳೆಪ್ಪ ತನ್ನ ಒಡಹುಟ್ಟಿದ ತಮ್ಮನ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದ. ಆ ತಮ್ಮ ನನ್ನ ಚಿಗಪ್ಪ ಉಜ್ಜಿನಪ್ಪ. ಅವನ ಬಗ್ಗೆ ಹೇಳಲು ಕೂತರೆ ನನಗೆ ಒಂದು ಕಡೆ ಸಿಟ್ಟು ಬರುತ್ತದೆ, ಇನ್ನೊಂದು ಕಡೆ ಅಳು ಬರುತ್ತದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಮನೆಯಲ್ಲಿ ಎಲ್ಲರೂ ಅನ್ನುತ್ತಾರೆ. ಅನ್ನಲಿ, ಅವನ ಹಟ ಕಂಡವರಿಗೆ ನನ್ನ ಸಿಟ್ಟು ಅರ್ಥವಾಗುತ್ತದೆ.

ಚಿಗಪ್ಪ ಹೊಸಪೇಟೆ ಹತ್ತಿರದ ಟಿ.ಬಿ. ಡ್ಯಾಂನಲ್ಲಿ ಕಾಲುವೆಯ ಗೇಜ್ ರೀಡರ್. ಅರವತ್ತನಾಲ್ಕರಲ್ಲಿ ಕೆಲಸಕ್ಕೆ ಸೇರಿ ತೊಂಬತ್ತೆಂಟರಲ್ಲಿ ನಿವೃತ್ತನಾದ. ಕಾಲುವೆಯ ಗೋಡೆಗೆ ಬಡಿದ ಬಿಳಿ ಪಟ್ಟಿಯ ಮೇಲೆ ನೀರು ಯಾವ ಗೆರೆಗೆ ಬಂದಿದೆ ಎಂದು ದಿನಕ್ಕೆ ಮೂರು ಹೊತ್ತು ಓದಬೇಕು, ಪುಸ್ತಕದಲ್ಲಿ ಬರೆಯಬೇಕು, ಕಾಲುವೆ ಫೋನಿನಲ್ಲಿ ಆಫೀಸಿಗೆ ಹೇಳಬೇಕು. ಇಷ್ಟೇ ಕೆಲಸ. 'ಬರೇ ನೀರು ನೋಡೋದಕ್ಕ ಪಗಾರ ಕೊಡ್ತಾರೇನಪಾ ನಿನಗ?' ಎಂದು ಕಂಪ್ಲಿ ಕಡೆಯ ನೆಂಟರು ಬಂದಾಗಲೆಲ್ಲ ಅವನನ್ನು ಕಾಡುತ್ತಿದ್ದರು.

ಆದರೆ ನೀರು ಸುಮ್ಮನೆ ಎಲ್ಲಿ ನಿಲ್ಲುತ್ತದೆ? ಷಟರ್ ಎತ್ತಿದರೆ ಕುಣಿಯುತ್ತದೆ, ಗಾಳಿ ಬೀಸಿದರೆ ಕುಣಿಯುತ್ತದೆ, ಒಂದು ಎಮ್ಮೆ ಇಳಿದರೂ ಕುಣಿಯುತ್ತದೆ. ಚಿಗಪ್ಪ ದಂಡೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಅಲೆ ಎಲ್ಲಿಗೆ ಏರಿತು, ಎಲ್ಲಿಗೆ ಇಳಿಯಿತು ಎಂದು ಹತ್ತು ಅಲೆ ನೋಡಿ ನಡುವಿನ ಗೆರೆ ಹಿಡಿಯುತ್ತಿದ್ದ. ಹಾಗೆ ಮೂರು ಸಲ. ಮೂರೂ ಹೊಂದಿದರೆ ಮಾತ್ರ ಪೆನ್ನು ಮುಟ್ಟುತ್ತಿದ್ದ. ಪಕ್ಕದಲ್ಲೇ ಗೇಜ್ ಬಾವಿ ಎಂದು ಒಂದು ಸಣ್ಣ ಬಾವಿ ಇತ್ತು. ಕಾಲುವೆಯ ನೀರು ಕಿರಿದಾದ ಪೈಪಿನಲ್ಲಿ ಹಾದು ಅದರೊಳಗೆ ಬರುವಷ್ಟರಲ್ಲಿ ಕುಣಿತ ಬಿಟ್ಟು ತೆಪ್ಪಗಿರುತ್ತಿತ್ತು. ಅದನ್ನೇ ನೋಡಿ ಬರೆದುಬಿಡಬಹುದಿತ್ತು. ನಮ್ಮವನಿಗೆ ಮಾತ್ರ ಬಾವಿಯನ್ನೂ ನೋಡಬೇಕು, ಕಾಲುವೆಯನ್ನೂ ನೋಡಬೇಕು.

ಕಾಲುವೆ ಬಂದ್ ಆದ ದಿನಗಳಲ್ಲಿ ನೀರು ಪಟ್ಟಿಯ ಕಡೆಯ ಗೆರೆಗಿಂತ ಕೆಳಗೆ ಇಳಿಯುತ್ತಿತ್ತು. ಆಗ ಅವನು ಪುಸ್ತಕದಲ್ಲಿ 'ಗೇಜಿಗೆ ಸಿಗಲಿಲ್ಲ' ಎಂದು ಬರೆಯುತ್ತಿದ್ದ. ಹೊಸದಾಗಿ ಬಂದ ಗುಮಾಸ್ತರೊಬ್ಬರು ಸೊನ್ನೆ ಅಂತ ಬರೆಯಿರಿ ಎಂದರಂತೆ. 'ಒಳಗ ಎಮ್ಮಿ ಮಲಗಿದ್ವು ಸಾರ್, ಬೆನ್ನು ಮಟ ನೀರಿತ್ತು. ಸೊನ್ನಿ ಹೆಂಗಾಗ್ತೈತ್ರಿ?' ಎಂದು ಕೇಳಿ ಬಂದನಂತೆ ಈ ಮಹಾರಾಯ.

ಈಗ ಜಗಳದ ವಿಷಯ. ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ನಮ್ಮ ಎರಡೆಕರೆ ಭತ್ತ ಹಾಲುಗಾಳು ಕಟ್ಟುವ ಹೊತ್ತಿಗೆ ಕಾಲುವೆಯ ಕೊನೆಗೆ ನೀರು ಸಾಲಲಿಲ್ಲ. ಗೇಜು ಕೆಳಗಿದೆ ಎಂದು ಫೋನು ಹೋದರೆ ಮೇಲಿನಿಂದ ಇನ್ನಷ್ಟು ನೀರು ಬಿಡುತ್ತಿದ್ದರು. ಅಪ್ಪ ಕಂಪ್ಲಿಯಿಂದ ಬಸ್ಸು ಹಿಡಿದು ಡ್ಯಾಂಗೆ ಬಂದ.

'ಒಂದು ಗೆರಿ ಕಡಿಮಿ ಬರಿ, ಸಾಕು. ನಿನ್ನ ಗಂಟೇನು ಹೋಗ್ತೈತಿ?' ಎಂದ.

'ನೀರು ಎಲ್ಲೈತೋ ಅಲ್ಲಿ ಬರೀತೀನಿ ಅಣ್ಣಾ. ಇಲ್ಲದಲ್ಲಿ ಹೆಂಗ ಬರೀಲಿ?' ಎಂದ ಚಿಗಪ್ಪ.

ನಮ್ಮ ಅರ್ಧ ಭತ್ತ ಜೊಳ್ಳಾಯಿತು. ಹೈಸ್ಕೂಲು ಓದಲು ನಾನು ಚಿಗಪ್ಪನ ಕ್ವಾರ್ಟರ್ಸಿನಲ್ಲೇ ಇದ್ದೆ. ನನ್ನನ್ನೂ ಕರೆದುಕೊಂಡು ಹೋಗುತ್ತೇನೆಂದು ಅಪ್ಪ ಇನ್ನೊಮ್ಮೆ ಬಂದ. ತಡೆದವಳು ಚಿಗವ್ವ ಚೆನ್ನಬಸಮ್ಮ. 'ಅಣ್ತಮ್ಮರು ಬೇಕಾದಷ್ಟು ಜಗಳ ಆಡ್ರಿ ಬಾವಾರ, ಹುಡುಗಿ ಓದು ಯಾಕ ಕೆಡಿಸ್ತೀರಿ? ಮೊದಲು ಉಣ್ಣಾಕ ಕುಂದ್ರಿ' ಎಂದಳು. ಅಪ್ಪ ಮುಖ ಊದಿಸಿಕೊಂಡೇ ಮೂರು ರೊಟ್ಟಿ, ಎರಡು ಸಲ ಪುಂಡಿಪಲ್ಯ ಹಾಕಿಸಿಕೊಂಡು ಉಂಡು, ತಮ್ಮನ ಕಡೆ ನೋಡದೆ ಬಸ್ಸು ಹತ್ತಿದ. ನಾನು ಅಲ್ಲೇ ಉಳಿದೆ. ಆ ಎರಡು ವರ್ಷವೂ ಚಿಗವ್ವ ಕಂಪ್ಲಿ ಬಸ್ಸಿನಲ್ಲಿ ಅಪ್ಪನಿಗೆ ರೊಟ್ಟಿ ಗಂಟು ಕಳಿಸುತ್ತಲೇ ಇದ್ದಳು, ಕೊನೆಗೆ ಮಾತು ಕೂಡಿಸಿದ್ದೂ ಆ ರೊಟ್ಟಿಗಳೇ.

ಅವರಿಗೆ ಮಕ್ಕಳಿರಲಿಲ್ಲ, ನಾನೇ ಮಗಳು. ಚಿಗವ್ವನಿಗೆ ಉಣಿಸುವುದೂ ಇಷ್ಟ, ಉಣ್ಣುವುದೂ ಇಷ್ಟ. ಹೊಸಪೇಟೆ ಸಂತೆಗೆ ಹೋದರೆ ಒಗ್ಗರಣಿ ಮಂಡಕ್ಕಿ, ಮಿರ್ಚಿ ತಿನ್ನದೆ ಬಂದವಳಲ್ಲ. ಬೆಲ್ಲದ ಡಬ್ಬಿ ಕೈಗೆಟುಕುವ ಹಾಗೆ ಒಲೆಯ ಪಕ್ಕದಲ್ಲೇ ಇಟ್ಟಿರುತ್ತಿದ್ದಳು.

ನಾನು ಎಕ್ಸ್‌ರೇ ಟೆಕ್ನಿಷಿಯನ್ ಆಗಿ ಹೊಸಪೇಟೆಯಲ್ಲಿ ಕೆಲವು ವರ್ಷ ದುಡಿದು, ಆಮೇಲೆ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯ ಎಂಆರ್‌ಐ ವಿಭಾಗಕ್ಕೆ ಸೇರಿದೆ. ಚಿಗಪ್ಪ ನಿವೃತ್ತನಾಗಿ, ಕ್ವಾರ್ಟರ್ಸು ಬಿಟ್ಟು ಹೊಸಪೇಟೆಯ ಓಣಿಯೊಂದರಲ್ಲಿ ಮನೆ ಮಾಡಿ ನಾಲ್ಕು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಚಿಗವ್ವ ರೊಟ್ಟಿ ತಟ್ಟುತ್ತಿದ್ದವಳು ಹಾಗೆಯೇ ಒಂದು ಕಡೆ ವಾಲಿದಳು. ಜೀವ ಉಳಿಯಿತು, ಕೈಕಾಲೂ ಬಂದವು. ದನಿ ಮಾತ್ರ ಒಡೆದುಹೋಯಿತು, ನುಂಗುವುದು ನಿಂತುಹೋಯಿತು. ಒಂದು ಚಮಚ ನೀರು ಕೊಟ್ಟರೂ ಉಸಿರಿನ ದಾರಿಗೆ ಇಳಿದು ಕೆಮ್ಮು. ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕಿದರು. ಊರಿಗೆಲ್ಲ ಉಣಿಸಿದವಳ ಹೊಟ್ಟೆಗೆ ಮೂಗಿನಿಂದ ರಾಗಿ ಗಂಜಿ.

ಪೆಟ್ಟು ಬಿದ್ದದ್ದು ಮಿದುಳಿನ ಕಾಂಡಕ್ಕೆ. ಮಿದುಳಿನ ಬುಡದಿಂದ ಬೆನ್ನುಹುರಿಗೆ ಇಳಿಯುವ, ಹೆಬ್ಬೆರಳು ದಪ್ಪದ ಭಾಗ ಅದು. ಉಸಿರು, ನುಂಗುವುದು, ಎದೆ ಬಡಿತ, ಎಲ್ಲದರ ಕೀಲಿಯೂ ಅಲ್ಲೇ. ನಮ್ಮ ಆಸ್ಪತ್ರೆಯಲ್ಲಿ ಡಾಕ್ಟರ್ ಸಂಗಮ್ಮ ಎಂಬವರು ಅದರ ಮೇಲೆಯೇ ಸಂಶೋಧನೆ ಶುರು ಮಾಡಿದ್ದರು. ಸಂಡೂರು ತಾಲೂಕಿನ ಚೋರನೂರಿನವರು, ನಮ್ಮ ಮಾತೇ ಆಡುವವರು. ಫಂಕ್ಷನಲ್ ಎಂಆರ್‌ಐ ಎಂದರೆ ಮಿದುಳಿನ ಯಾವ ಜಾಗ ಕೆಲಸ ಮಾಡುತ್ತದೋ ಅಲ್ಲಿ ರಕ್ತದಲ್ಲಾಗುವ ಸಣ್ಣ ಬದಲಾವಣೆಯನ್ನು ಹಿಡಿಯುವುದು. ಪರದೆಯ ಮೇಲೆ ಆ ಜಾಗ ಕೆಂಪಗೆ ಹೊತ್ತಿದಂತೆ ಕಾಣುತ್ತದೆ. ಚಿಗವ್ವನ ಕಾಂಡದಲ್ಲಿ ನುಂಗಿಸುವ ಜಾಗ ಜೀವಂತವಾಗಿದೆಯೋ ಇಲ್ಲವೋ ನೋಡೋಣ ಎಂದು ಮೇಡಂ ಒಪ್ಪಿದರು. 'ಇದು ಪ್ರಯೋಗ ಹೊನ್ನೂರಮ್ಮ. ಇದನ್ನ ನೋಡಿ ಚಿಕಿತ್ಸೆ ನಿರ್ಧಾರ ಮಾಡಂಗಿಲ್ಲ, ಮನಿಯವರಿಗೆ ಏನೂ ಹೇಳಬಾರ್ದು' ಎಂದು ಎಚ್ಚರಿಕೆಯನ್ನೂ ಕೊಟ್ಟರು. ಹೂಂ ಎಂದು, ಇಬ್ಬರನ್ನೂ ಬೆಂಗಳೂರಿಗೆ ಕರೆಸಿಕೊಂಡೆ.

ಆಯಸ್ಕಾಂತದ ಯಂತ್ರ, ಮೈಮೇಲೆ ಲೋಹ ಇರಬಾರದು. ಬಳೆ, ಕಾಲುಂಗುರ, ಮೂಗುತಿ ತೆಗೆದೆವು. ತಾಳಿ ತೆಗೆಯುವಾಗ ಚಿಗವ್ವ ಕೊರಳು ಹಿಡಿದುಕೊಂಡಳು. ಚಿಗಪ್ಪ ಜೇಬಿನಿಂದ ಅರಿಶಿನ ಕೊಂಬು ಕಟ್ಟಿದ ನೂಲು ತೆಗೆದ. ಊರಿನಿಂದಲೇ ತಂದಿದ್ದ! ಅದನ್ನು ಕಟ್ಟಿದ ಮೇಲೆ ಒಳಗೆ ಹೋದಳು. ಮೇಡಂ ಮೈಕಿನಲ್ಲಿ 'ಉಗುಳು ನುಂಗಾಕ ಪ್ರಯತ್ನ ಮಾಡ್ರಿ... ಈಗ ಬಿಡ್ರಿ' ಎನ್ನುತ್ತಿದ್ದರು.

ಪರದೆಯ ಮೇಲೆ ಕಾಂಡದ ಕೆಳಭಾಗದಲ್ಲಿ ಒಂದು ಚುಕ್ಕೆ ಹೊತ್ತಿತು. ಸರಿಯಾಗಿ ಅದೇ ಜಾಗ. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. 'ಇನ್ನೂ ಪರೀಕ್ಷೆ ಮಾಡಬೇಕು, ಗಡಿಬಿಡಿ ಬ್ಯಾಡ' ಎಂದರು ಮೇಡಂ. ಎರಡು ದಿನ ಬಾಯಿಗೆ ಬೀಗ ಹಾಕಿಕೊಂಡೆ. ರಜೆ ಹಾಕಿ ಅವರನ್ನು ಊರಿಗೆ ಕರೆತರುವಾಗ ಹೊಸಪೇಟೆ ಸ್ಟೇಷನ್ನಿನಲ್ಲಿ ಇಳಿದದ್ದೇ ಬೀಗ ಕಿತ್ತುಹೋಯಿತು. 'ಚಿಗವ್ವಾ, ಜಾಗ ಹೊತ್ತೇತಿ. ನೀ ಉಣ್ತೀ!' ಎಂದುಬಿಟ್ಟೆ.

ಮನೆಗೆ ಬಂದ ಗಳಿಗೆಯಲ್ಲೇ ಸುದ್ದಿ ಓಣಿಗೆಲ್ಲ ಮುಟ್ಟಿತು. ಪಕ್ಕದ ಮನೆಯ ನಿಂಗಕ್ಕ ಓಡಿ ಬಂದು, 'ಇಂಥಾ ಸುದ್ದಿ ತಂದು ಬಾಯಿ ಸಿಹಿ ಮಾಡಲಿಲ್ಲಂದ್ರ ಹೆಂಗ?' ಎಂದಳು. ನಮ್ಮ ಕಡೆ ಒಳ್ಳೆಯ ಸುದ್ದಿ ಬಂದ ಮನೆಯಲ್ಲಿ ಬಾಯಿಗೆ ಚೂರು ಬೆಲ್ಲ ಹಾಕದೆ ಯಾರೂ ಹೊಸಿಲು ದಾಟುವುದಿಲ್ಲ. ಚಿಗಪ್ಪ ಹೊರಗೆ ಆಟೋದಿಂದ ಸಾಮಾನು ಇಳಿಸುತ್ತಿದ್ದ. ಒಲೆಯ ಪಕ್ಕದ ಡಬ್ಬಿ ತೆರೆದು, ಕಡಲೆ ಕಾಳಿನಷ್ಟು ಬೆಲ್ಲ ಮುರಿದು, ಚಿಗವ್ವನ ನಾಲಿಗೆಯ ಮೇಲೆ ಇಟ್ಟವಳು ನಾನು. ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು, ಎಲ್ಲ ಬಲ್ಲವಳು!

ಮೊದಲು ಅವಳ ಕಣ್ಣು ಅರಳಿತು. ಬೆಲ್ಲ ಕರಗಿ ನೀರಾಗಿ ಗಂಟಲಿಗೆ ಇಳಿದದ್ದೇ ಕೆಮ್ಮು ಶುರುವಾಯಿತು. ಕೆಮ್ಮಿ ಕೆಮ್ಮಿ ಮುಖ ನೀಲಿಗಟ್ಟಿತು. ಮರುದಿನಕ್ಕೆ ಜ್ವರ, ಎದೆಯಲ್ಲಿ ಕಫ, ಹೊಸಪೇಟೆಯ ಆಸ್ಪತ್ರೆಯಲ್ಲಿ ಒಂಬತ್ತು ದಿನ ಆಕ್ಸಿಜನ್. ಚಿಗಪ್ಪ ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ನಾಲ್ಕನೆಯ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ತಾನೇ ಬಾಯಿ ಬಿಟ್ಟ. 'ಅರವತ್ತಾರರಾಗ ನನಗೂ ಹಿಂಗ ಆಗಿತ್ತವಾ. ಮದುವಿ ಮಾತಿಗೆ ಊರಿಗೆ ಹೋಗಬೇಕಾಗಿತ್ತು, ಜಲ್ದಿ ಇತ್ತು. ಗೇಜ್ ಬಾವಿ ನೋಡಿದೆ, ನೀರು ನಿನ್ನೆ ಇದ್ದ ಗೆರಿಗೇ ತೆಪ್ಪಗ ನಿಂತಿತ್ತು. ಬರದು ಹೋದೆ. ಪೈಪಿನಾಗ ಕಸ ಸಿಕ್ಕಿತ್ತು, ಬಾವಿ ಸುಳ್ಳು ಹೇಳಾಕತ್ತಿತ್ತು. ಅತ್ಲಾಗ ಕಾಲುವಿ ತುಂಬಿ ದಂಡಿ ಮ್ಯಾಲೆ ಹರಿದು, ಮೂಕಪ್ಪ ಅಂತ ಒಬ್ಬ ರೈತನ ಶೇಂಗಾ ಎಲ್ಲಾ ಕೊಳತು ಹೋತು. ಅವನ ಹೊಲದಾಗ ನಿಂತು ನೋಡಿದೆ. ಆಶಾ ಇದ್ದ ಕಣ್ಣಿಗೆ ಗೆರಿ ಸರಿಯಾಗಿ ಕಾಣಂಗಿಲ್ಲ, ಹೊನ್ನಿ.'

ಆಮೇಲೆ ಕೇಳಿದ: 'ಆ ಚುಕ್ಕಿ ಹೆಂಗ ಓದಿದ್ರಿ ನೀವು?'

ಚಿಗವ್ವ ಚೇತರಿಸಿಕೊಂಡ ಮೇಲೆ ಅವಳನ್ನು ನಿಂಗಕ್ಕನ ಸುಪರ್ದಿಗೆ ಬಿಟ್ಟು, ನನ್ನ ಜೊತೆ ಬೆಂಗಳೂರಿಗೆ ಬಂದ. ನಾನು ಮಾಡಿದ್ದನ್ನು ಮೇಡಂಗೆ ನಾನೇ ಹೇಳಿದೆ. ಅವರು ಕೆಂಡವಾದರು, ಆಗಬೇಕಾದದ್ದೇ. ನನ್ನನ್ನು ಬೈದು ಮುಗಿಸಿದ ಮೇಲೆ ಚಿಗಪ್ಪನನ್ನು ಪರದೆಯ ಮುಂದೆ ಕೂರಿಸಿದರು.

'ನೋಡ್ರಿ ಉಜ್ಜಿನಪ್ಪನವರ, ನುಂಗಿಸೋ ಜಾಗ ಸಾಸಿವಿ ಕಾಳಿನಷ್ಟು. ನಮ್ಮ ಯಂತ್ರದ ಚಿತ್ರದಾಗ ಒಂದೊಂದು ಚೌಕ ಜೋಳದ ಕಾಳಿನಷ್ಟು. ಜೋಳದೊಳಗ ಸಾಸಿವಿ ಹುಡುಕಿದಂಗ. ಅದೂ ಸುಮ್ನೆ ಇರಂಗಿಲ್ಲ. ಎದಿ ಬಡದಾಗೊಮ್ಮೆ ಇಡೀ ಕಾಂಡ ಅಲುಗತೈತಿ. ಬಾಜೂಕ ರಕ್ತನಾಳ ಬಡೀತಾವ, ಉಸಿರಾಡಿದ್ರ ಆಯಸ್ಕಾಂತದ ಹಿಡಿತ ಹೆಚ್ಚುಕಡಿಮಿ ಆಗತೈತಿ.'

'ನೀವು ಹುಡುಕೋ ಬದಲಾವಣಿ ಎಷ್ಟ್ರಿ?'

'ನೂರರಾಗ ಒಂದು ಪಾಲು.'

'ಕುಣಿತ?'

'ಅದಕ್ಕಿಂತ ಭಾಳ ದೊಡ್ಡದು.'

ಚಿಗಪ್ಪ ಗಡ್ಡ ಕೆರೆದುಕೊಂಡ. 'ಅಂದ್ರ ಅಲಿ ಒಂದಡಿ, ನೀವು ಓದಬೇಕಾದ್ದು ಒಂದು ಗೆರಿ. ನಿಮ್ಮ ಬಾವಿ ಎಲ್ಲೈತ್ರಿ ಮೇಡಂ?'

ಗೇಜ್ ಬಾವಿ ಎಂದರೇನು ಎಂದು ನಾನು ವಿವರಿಸಿದೆ. ಮೇಡಂ ನಕ್ಕೇ ಬಿಟ್ಟರು. 'ಬಾವಿ ಇಲ್ರಿ. ಅದಕ್ಕ ನಮ್ಮ ತಲಿ ಕೆಟ್ಟಿರೋದು.'

'ಹಂಗಾರ ಅಲಿ ಒಂದೇ ಕಡಿ ಬಂದಾಗ ಮಾತ್ರ ಓದ್ರಿ. ಹತ್ತು ಸಲ, ಇಪ್ಪತ್ತು ಸಲ.'

ಅದು ಮೇಡಂಗೆ ಗೊತ್ತಿರದ ವಿಷಯವಲ್ಲ. ಬೆರಳಿಗೆ ನಾಡಿಯ ಕ್ಲಿಪ್ಪು ಹಾಕಿ, ಪ್ರತಿ ಬಡಿತದ ಅದೇ ಗಳಿಗೆಗೆ ಚಿತ್ರ ತೆಗೆಯಬಹುದಿತ್ತು. ಆದರೆ ಅದಕ್ಕೆ ಮೂರು ಪಟ್ಟು ಹೊತ್ತು ಹಿಡಿಯುತ್ತದೆ. ಉಗುಳೂ ನುಂಗಲಾರದವಳನ್ನು ಅಷ್ಟು ಹೊತ್ತು ಅಂಗಾತ ಮಲಗಿಸುವುದು ಹೇಗೆಂದು ಅವರು ಬಿಟ್ಟಿದ್ದರು.

'ನಾ ಮಲಗ್ತೀನಿ,' ಎಂದ ಚಿಗಪ್ಪ. 'ನನ್ನ ಗಂಟಲ ಸರಿ ಐತೆಲ್ಲ? ಸರಿ ಇದ್ದವನ್ನ ನಿಮ್ಮ ಯಂತ್ರ ಹೆಂಗ ಓದತೈತಿ ಮೊದಲು ನೋಡೋಣ.'

ಮಾರನೆಯ ಮಧ್ಯಾಹ್ನ ಯಂತ್ರ ಖಾಲಿ ಇದ್ದಾಗ ಅವನನ್ನು ಮಲಗಿಸಿದೆವು. ಮೂವತ್ತನಾಲ್ಕು ವರ್ಷ ದಂಡೆಯ ಮೇಲೆ ಅಲುಗದೆ ಕೂತವನು, ಕಲ್ಲಿನ ಹಾಗೆ ಮಲಗಿದ್ದ. ಮೊದಲ ಸಲ ಚಿಗವ್ವನಿಗೆ ಮಾಡಿದಂತೆಯೇ ನುಂಗಿಸಿ ತೆಗೆದೆವು. ಅದೇ ಜಾಗದಲ್ಲಿ ಚುಕ್ಕೆ ಹೊತ್ತಿತು. ಎರಡನೆಯ ಸಲ ಮೇಡಂ, 'ನುಂಗಬ್ಯಾಡ್ರಿ, ಬರೇ ನಾಲಗಿ ಹಿಂದಕ್ಕ ಎಳದು ಗಂಟಲ ಬಿಗಿ ಹಿಡೀರಿ, ಬಿಡ್ರಿ' ಎಂದರು. ಆಗಲೂ ಅದೇ ಚುಕ್ಕೆ, ಅಷ್ಟೇ ಕೆಂಪು. ಮೇಡಂ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಮೂರನೆಯ ಸಲ ನಾಡಿಯ ಕ್ಲಿಪ್ಪು ಹಾಕಿ, ಬಡಿತಕ್ಕೆ ಹೊಂದಿಸಿ, ನುಂಗಿದ್ದರ ಗುರುತು ರಕ್ತದಲ್ಲಿ ಕೆಲವು ಸೆಕೆಂಡು ತಡವಾಗಿ ಬರುವುದರಿಂದ ಗಂಟಲು ಅಲುಗಿದ ಗಳಿಗೆಯ ಚಿತ್ರಗಳನ್ನು ಬಿಟ್ಟು, ನುಂಗಿಸಿ ತೆಗೆದೆವು. ಮುಕ್ಕಾಲು ಗಂಟೆ ಹಿಡಿಯಿತು. ಚುಕ್ಕೆ ಇಲ್ಲ. ಕಾಂಡವೆಲ್ಲ ಬೂದು ಬಣ್ಣ.

ಅಂದರೆ ಚಿಗವ್ವನ ಚುಕ್ಕೆ ಬರೀ ಗಂಟಲಿನ ಅಲುಗಾಟ, ನಾಡಿಯ ಕುಣಿತ. ಅದನ್ನು ನಂಬಿ ನಾನು ಬೆಲ್ಲ ಇಟ್ಟಿದ್ದೆ. ಹೊರಗೆ ಬಂದ ಚಿಗಪ್ಪನ ಮೇಲೆ ನನ್ನ ಸಿಟ್ಟೆಲ್ಲ ಒಡೆಯಿತು. 'ಒಂದು ಗೆರಿಗೋಸ್ಕರ ನಮ್ಮಪ್ಪನ ಭತ್ತ ಜೊಳ್ಳು ಮಾಡಿದಿ. ಈಗ ಚಿಗವ್ವನ ದೀಪಾನೂ ಆರಿಸಿದಿ. ಸಮಾಧಾನ ಆತಾ?' ಎಂದು ಕೂಗಿದೆ. ಮೇಡಂ ಎದುರಿಗೇ ಇದ್ದರು, ಅದೂ ನೆನಪಾಗಲಿಲ್ಲ.

'ಅದು ಆಕಿ ದೀಪ ಅಲ್ಲವಾ,' ಎಂದ ಅವನು. 'ನನ್ನೊಳಗೂ ಹತ್ತಿತ್ತಲ್ಲ.' ಪರದೆಯ ಹತ್ತಿರ ಬಗ್ಗಿ ಕೇಳಿದ: 'ಮೂರನೇ ಸಲ ನಾ ನುಂಗಿದ್ನೆಲ್ಲ?'

'ನುಂಗಿದಿ.'

'ಹಂಗಾರ ಆ ಜಾಗ ಕೆಲಸ ಮಾಡೇತಿ.'

'ಮಾಡಿರಲೇಬೇಕು.'

'ಚಿತ್ರದಾಗ?'

'ಇಲ್ಲ.'

'ಇಲ್ಲ ಅನಬ್ಯಾಡ ಹೊನ್ನಿ. ಗೇಜಿಗೆ ಸಿಗಲಿಲ್ಲ ಅನ್ನು. ನನ್ನೊಳಗ ಇದ್ರೂ ಸಿಗಲಿಲ್ಲ. ಆಕಿಯೊಳಗ ಐತೋ ಇಲ್ಲೋ, ಈ ಯಂತ್ರ ಹೇಳಂಗಿಲ್ಲ, ಅಷ್ಟ.'

ಮೇಡಂ ಕುರ್ಚಿ ಎಳೆದುಕೊಂಡು ಮೇಜಿಗೆ ಬಂದರು. ಆಮೇಲೆ ತಮ್ಮ ನೋಟ್‌ಬುಕ್ಕಿನಲ್ಲಿ ಚಿಗವ್ವನ ಪುಟ ತೆರೆದು, ಮೊದಲು ಬರೆದದ್ದನ್ನು ಅಳಿಸಲು ಬಿಳಿ ಬಣ್ಣದ ಬಾಟಲಿ ಹುಡುಕಿದರು. 'ಅಳಿಸಬ್ಯಾಡ್ರಿ,' ಎಂದ ಚಿಗಪ್ಪ. 'ಗೇಜ್ ಪುಸ್ತಕದಾಗ ನಾವು ಅಳಿಸಂಗಿಲ್ಲ. ಒಂದು ಅಡ್ಡಗೆರಿ ಎಳದು ಬಾಜೂಕ ಸರಿ ಬರೀರಿ. ತಪ್ಪು ಎಲ್ಲಿ ಆತು ಅಂತ ಮುಂದಿನವರಿಗೂ ಕಾಣಬೇಕು.' ಮೇಡಂ ಹಾಗೆಯೇ ಮಾಡಿದರು.

ಚಿತ್ರ ಹೇಳದಿದ್ದದ್ದನ್ನು ಗಂಟಲಿನಿಂದಲೇ ಕೇಳಬೇಕಾಯಿತು. ಚಿಗವ್ವನನ್ನು ಮತ್ತೆ ಕರೆಸಿ, ಎಕ್ಸ್‌ರೇ ಯಂತ್ರದ ಮುಂದೆ ಬೇರಿಯಂ ಎಂಬ ಬಿಳಿ ಹಿಟ್ಟಿನ ನೀರು ಒಂದೇ ಗುಟುಕು ಕೊಟ್ಟು ನೋಡಿದರು. ಅರ್ಧ ಹೊಟ್ಟೆಯ ದಾರಿಗೆ, ಅರ್ಧ ಉಸಿರಿನ ದಾರಿಗೆ. ಗದ್ದ ಎದೆಗೆ ಹಚ್ಚಿ ನುಂಗುವುದು, ನಾಲಿಗೆ ಕಚ್ಚಿ ಹಿಡಿದು ಗಂಟಲು ಎತ್ತುವುದು ಎಂದು ವ್ಯಾಯಾಮ ಕಲಿಸಿ ಊರಿಗೆ ಕಳಿಸಿದರು. ಬಂದರೆ ಬಂತು, ಇಲ್ಲದಿದ್ದರೆ ನಳಿಗೆಯೇ ಗತಿ, ಯಾರೂ ಭರವಸೆ ಕೊಡಲಾರೆವು ಎಂದೂ ಹೇಳಿದರು.

ಐದು ತಿಂಗಳು ಚಿಗಪ್ಪ ಮತ್ತೆ ಗೇಜ್ ರೀಡರ್ ಆದ. ಬೆಳಿಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರು. ಅದೇ ಹೊತ್ತು, ಅದೇ ಕುಕ್ಕರಗಾಲು, ಎದುರಿಗೆ ಕಾಲುವೆಯ ಬದಲು ಹೆಂಡತಿ. ಎಷ್ಟು ಸಲ ಮಾಡಿದಳು, ಎಷ್ಟು ಸಲ ಕೆಮ್ಮಿದಳು ಎಂದು ಬರೆಯುವುದು. 'ಕಾಲುವಿ ಅಷ್ಟ ಛಲೋ ಇತ್ತು, ತಿರುಗಿ ಬೈತಿರಲಿಲ್ಲ' ಎಂದು ಅವನು ಅಂದರೆ, ಚಿಗವ್ವ ಒಡಕು ದನಿಯಲ್ಲಿ ಬೈಯುತ್ತಿದ್ದಳು. ಎರಡು ತಿಂಗಳು ಪುಸ್ತಕದಲ್ಲಿ ಏನೂ ಬದಲಾಗಲಿಲ್ಲ. ನಾನು ಫೋನು ಮಾಡಿ ಹೇಗಿದೆ ಎಂದರೆ 'ನಿನ್ನೆ ಇದ್ದಂಗ ಐತಿ' ಎಂದಷ್ಟೇ ಹೇಳುತ್ತಿದ್ದ. ಸುಳ್ಳಾದರೂ ಒಂದು ಒಳ್ಳೆಯ ಮಾತು ಹೇಳಬಾರದೇ ಎಂದು ಹಲ್ಲು ಕಡಿಯುತ್ತಿದ್ದೆ. ಮೂರನೆಯ ತಿಂಗಳು 'ಕೆಮ್ಮು ಹನ್ನೆರಡು ಇದ್ದದ್ದು ಎಂಟಾಗೈತಿ' ಎಂದ. ಅವನು ಹೇಳಿದ್ದಾದ್ದರಿಂದ ನಂಬಿದೆ. ಬೇರೆ ಯಾರು ಹೇಳಿದ್ದರೂ ನಂಬುತ್ತಿರಲಿಲ್ಲ.

ಐದನೆಯ ತಿಂಗಳು ಬೆಂಗಳೂರಿನಲ್ಲಿ ತೆಗೆದ ಎಕ್ಸ್‌ರೇಯಲ್ಲಿ ಬಿಳಿ ನೀರು ನೆಟ್ಟಗೆ ಹೊಟ್ಟೆಯ ದಾರಿ ಹಿಡಿಯಿತು. ಮೂರು ಸಲ ಕೊಟ್ಟರು, ಮೂರು ಸಲವೂ. ಡಾಕ್ಟರು ನಳಿಗೆ ತೆಗೆದರು, ಮೆತ್ತಗಿನದನ್ನು ಸ್ವಲ್ಪ ಸ್ವಲ್ಪವೇ ಕೊಡಿ ಎಂದರು. ಅವರನ್ನು ಊರಿಗೆ ಬಿಡಲು ನಾನೂ ಬಂದೆ. ಚಿಗವ್ವ ಮನೆ ಮುಟ್ಟಿ ಕಾಲು ತೊಳೆದು ಒಲೆಯ ಮುಂದೆ ಕೂತಳು.

'ಹೊನ್ನಿ, ಬೆಲ್ಲದ ಡಬ್ಬಿ ತಾ,' ಎಂದಳು.

ನಾನು ಎರಡು ಹೆಜ್ಜೆ ಹಿಂದೆ ಸರಿದೆ. 'ನಾ ಒಲ್ಲೆ ಚಿಗವ್ವಾ. ಚಿಗಪ್ಪ ಇಡ್ಲಿ.'

'ಅವತ್ತು ಯಾರು ಇಟ್ಟಿದ್ರು?'

'ನಾನ.'

'ಹಂಗಾರ ನೀನ ಇಡು. ಆರು ತಿಂಗಳಿಂದ ನನ್ನ ಮುಖ ನೋಡಿ ಮಾತಾಡಿಲ್ಲ ನೀ. ಇಷ್ಟು ದಿನ ನಾ ಉಣಲಾರದ ಸೊರಗಿದೆ, ನೀ ಯಾಕ ಸೊರಗಿದಿ?'

ಡಬ್ಬಿ ತೆರೆದೆ. ಕಡಲೆ ಕಾಳಿನಷ್ಟಲ್ಲ, ಅದರ ಅರ್ಧ ಮುರಿದು ನಾಲಿಗೆಯ ಮೇಲೆ ಇಟ್ಟೆ. ಚಿಗವ್ವ ಬಾಯಿ ಮುಚ್ಚಿ ಕರಗಲು ಬಿಟ್ಟಳು, ಗದ್ದ ಎದೆಗೆ ಹಚ್ಚಿ ನುಂಗಿದಳು. ನಾನು ಅವಳ ಗಂಟಲನ್ನೇ ನೋಡುತ್ತ ನಿಂತೆ. ಕೆಮ್ಮು ಬರಲಿಲ್ಲ. ಇನ್ನೂ ಕಾದೆ, ಬರಲಿಲ್ಲ.

'ಬರಿ ಚಿಗಪ್ಪಾ, ಬರಿ!' ಎಂದೆ.

ಅವನು ಪುಸ್ತಕ ತೆರೆದಿದ್ದ, ಪೆನ್ನು ಮಾತ್ರ ಇನ್ನೂ ಕಿವಿಯ ಮೇಲೇ ಇತ್ತು. ಕಣ್ಣು ಒದ್ದೆಯಾಗಿತ್ತು. 'ಇನ್ನೆರಡು ಸಲ ಇಡು,' ಎಂದ. 'ಮೂರೂ ಹೊಂದಬೇಕು.'

ಚಿಗವ್ವ ಒಡಕು ದನಿಯಲ್ಲಿ ನಕ್ಕಳು. 'ಇಡವಾ, ಇಡು. ಇವತ್ತು ಈ ಮನಶಾ ಹತ್ತು ಸಲ ಹೊಂದಿಸ್ತೀನಿ ಅಂದ್ರೂ ನಾ ಒಲ್ಲೆ ಅನ್ನಂಗಿಲ್ಲ.'

ನಾನು ಅಳುತ್ತಲೇ ಎರಡನೆಯ ಚೂರು ಮುರಿದೆ.